ಬಿಳಿಯ ಮೇಲೆ ಬಿಳಿ ದಾರ

ಗೌನಿನ ಬಲಮಗ್ಗುಲಿಗೆ ಇಸ್ತ್ರಿಪೆಟ್ಟಿಗೆ ತಾಗಿಸಿದ್ದೇ ತಡ, ಹೊಲಿಗೆ ಸಣ್ಣಗೆ ಹಲ್ಲು ಕಿರಿಯಿತು. ಸೂಜಿಯಕ್ಕ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೀದಿಯವರು ಅವಳಿಗಿಟ್ಟ ಹೆಸರು ಅದು, ಅರ್ಧ ಕಸುಬಿಗೆ, ಅರ್ಧ ನಾಲಿಗೆಗೆ. ಕಂಕುಳಿಂದ ಸೊಂಟದವರೆಗೆ ಮಿಷನ್ ಹೊಲಿಗೆಯೇ ಬಿದ್ದಿರಲಿಲ್ಲ. ಬಟ್ಟೆ ಜಾರದಿರಲೆಂದು ಮೊದಲು ಕೈಯಲ್ಲಿ ಹಾಕುವ ಉದ್ದುದ್ದನೆಯ ಕಚ್ಚಾ ಹೊಲಿಗೆಯೊಂದೇ ಅದನ್ನು ಹಿಡಿದುಕೊಂಡಿತ್ತು.

ಅವಳ ಕೈಯಲ್ಲಿ ಆಗುವ ತಪ್ಪಲ್ಲ ಇದು. ಕಚ್ಚಾ ಹೊಲಿಗೆಗೆ ಯಾವಾಗಲೂ ಕೆಂಪು ದಾರವನ್ನೇ ಬಳಸುವವಳು. ಬಿಳಿಯ ಮೇಲೆ ಅದು ಕಣ್ಣಿಗೆ ಹೊಡೆಯಬೇಕು, ಮಿಷನ್ ಓಡಿಸಿದ ಮೇಲೆ ಕಿತ್ತೆಸೆಯಬೇಕು. ಈ ಸಲ ಕೆಂಪು ಉಂಡೆ ಮುಗಿದಿತ್ತು. ಅಂಗಡಿಗೆ ಹೋಗಲು ಸೋಮಾರಿತನವಾಗಿ ಬಿಳಿ ದಾರವನ್ನೇ ಹಾಕಿದ್ದಳು. ಬಿಳಿ ಬಿಳಿಯೊಳಗೆ ಅಡಗಿ ಕೂತುಬಿಟ್ಟಿತು.

ಗೌನು ನಾದಿನಿಯ ಮಗಳದು. ಮದುವೆ ನಾಳೆ. ಹುಡುಗಿ ನಿಂತರೂ ನಡೆದರೂ ಏನೂ ಆಗದು. ಚರ್ಚಿನಲ್ಲಿ ಪೀಠದ ಮುಂದೆ ಮಂಡಿಯೂರಿದಾಗ, ಇಡೀ ಸಭೆ ಅವಳನ್ನೇ ನೋಡುತ್ತಿರುವಾಗ, ಪರ್ರೆಂದು ಬಿಚ್ಚಿಕೊಳ್ಳುತ್ತದೆ.

ಹಾಗೆಂದು ಹೊಳೆದದ್ದೇ ಎದೆಯೊಳಗೆ ಏನೋ ಬೆಚ್ಚಗಾಯಿತು. ಹೆದರಿಕೆಯಲ್ಲ, ಖುಷಿ. ಅದನ್ನು ಗುರುತಿಸಿ ಅವಳಿಗೇ ನಾಚಿಕೆಯಾಯಿತು. ಆದರೂ ಅದು ಜಾಗ ಬಿಟ್ಟು ಕದಲಲಿಲ್ಲ.

ಗಂಡನನ್ನು ಮಣ್ಣು ಮಾಡಿ ಬಂದ ದಿನ, ಮನೆ ತುಂಬ ಜನರಿರುವಾಗ, ಇದೇ ನಾದಿನಿ ಅಂದಿದ್ದಳು: "ನಮ್ಮಣ್ಣ ಕೆಮ್ಮಿ ಕೆಮ್ಮಿ ಕರೀತಿದ್ರೂ ಇವಳಿಗೆ ಮಿಷನ್ ಸದ್ದೇ ಜಾಸ್ತಿ ಕೇಳಿಸ್ತು." ಯಾರೂ ತುಟಿಪಿಟಕ್ಕೆನ್ನಲಿಲ್ಲ. ದೇವರೂ ಎನ್ನಲಿಲ್ಲ. ಸೂಜಿಯಕ್ಕ ಚರ್ಚಿಗೆ ಹೋಗುವುದನ್ನೇನೂ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ತುಟಿಯಾಡಿಸುತ್ತಿದ್ದಳು, ಹಾಡಿಗೆ ಎದ್ದು ನಿಲ್ಲುತ್ತಿದ್ದಳು. ಮಂಡಿ ಮಾತ್ರ ಊರುತ್ತಿರಲಿಲ್ಲ. ಕೇಳಿದವರಿಗೆ ಮಂಡಿನೋವು ಅಂದುಬಿಟ್ಟಿದ್ದಳು.

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ನಾದಿನಿ, ಅವಳ ಹಿಂದೆ ಮಗಳು.

"ಏನ್ ಅತ್ತಿಗೆ, ಇನ್ನೂ ಇಸ್ತ್ರೀನೇನಾ? ಮದುವೆ ನಾಳೆ, ಮುಂದಿನ ವರ್ಷ ಅಲ್ಲ."

"ಸಂಜೆಗೆ ಬಾ ಅಂದಿದ್ದೆ. ನಿನಗೆ ಮಧ್ಯಾಹ್ನಾನೇ ಸಂಜೆ ಆಯ್ತಾ?"

ಗೌನು ಕಂಡದ್ದೇ ಹುಡುಗಿಯ ಕೈ ಬಾಯಿಗೆ ಹೋಯಿತು. "ಅಯ್ಯೋ ಅತ್ತೆ! ಇದು ನನಗೇನಾ?"

"ಅಲ್ಲ, ನಿಮ್ಮಮ್ಮನಿಗೆ. ಇನ್ನೊಂದ್ ಸಲ ಮದುವೆ ಆಗ್ತಾಳಂತೆ."

ನಾದಿನಿಗೂ ನಗು ಬಂತು, ನುಂಗಿಕೊಂಡಳು. "ಕೊಡಿ ಇತ್ಲಾಗೆ, ತಗೊಂಡ್ ಹೋಗ್ತೀವಿ," ಎಂದು ಕೈಚಾಚಿದಳು.

ಕೊಟ್ಟುಬಿಡು, ಎಂದಿತು ಒಳಗಿನ ದನಿ. ನೀನೇನು ಮಾಡಿದ್ದೀಯ? ಮರೆತೆ, ಅಷ್ಟೇ.

ಆ ದನಿ ಎಲ್ಲಿಯದೆಂದು ಸೂಜಿಯಕ್ಕ ಬಲ್ಲಳು. ಬೈಬಲ್ಲಿನ ಏದೆನ್ ತೋಟದ ಹಾವೇನು ಮೊದಲ ಹೆಣ್ಣು ಹವ್ವಳ ಕೈಹಿಡಿದು ದೇವರು ಬೇಡವೆಂದಿದ್ದ ಹಣ್ಣು ಕೀಳಿಸಿತೇ? ಏನೂ ಆಗಲ್ಲ ಅಂದಿತು, ಅಷ್ಟೇ. ಆಮೇಲೆ ಗಂಡಹೆಂಡಿರಿಬ್ಬರೂ ಎಲೆ ಹೊಲಿದು ಸುತ್ತಿಕೊಂಡು ಮರದ ಮರೆಗೆ ಸರಿದರು. ಮನುಷ್ಯ ಹಾಕಿದ ಮೊದಲ ಹೊಲಿಗೆ, ಅದೂ ದೇವರ ಕಣ್ಣು ತಪ್ಪಿಸಲು. ಎಲೆ ಒಣಗಿದರೆ ಹೊಲಿಗೆ ನಿಂತೀತೇ ಎಂದು ಚಿಕ್ಕವಳಿದ್ದಾಗ ಅವಳಿಗೆ ನಗು ಬರುತ್ತಿತ್ತು. ಅಂಥವರನ್ನೂ ದೇವರು ಹುಡುಕಿಕೊಂಡು ಬಂದು ಕರೆದ. ತೋಟದಿಂದ ಹೊರಗೆ ಕಳಿಸುವಾಗಲೂ ಬಾಳಿಕೆ ಬರುವ ಚರ್ಮದ ಅಂಗಿ ಮಾಡಿ ತಾನೇ ತೊಡಿಸಿದ. ಹಾಗಾದರೆ ಇಷ್ಟು ದಿನ ಸುಮ್ಮನಿದ್ದವನು ಅವನಲ್ಲ. ಹಿಂದಿನ ಬೆಂಚಿನಲ್ಲಿ ಅಡಗಿ ಕೂತವಳು ತಾನು.

"ಕೊಡಲ್ಲ," ಎಂದಳು.

"ಯಾಕೆ?"

"ಮಗ್ಗುಲಿಗೆ ಮಿಷನ್ ಹಾಕೇ ಇಲ್ಲ. ನಾಳೆ ಇವಳು ಮಂಡಿ ಊರಿದ್ರೆ ಬಿಚ್ಕೊಂಡ್ಬಿಡೋದು. ಮರೆತಿದ್ದೆ."

ನಾದಿನಿಯ ಮುಖ ಬಿಳಿಚಿಕೊಂಡಿತು. "ಮರೆತ್ರಾ? ನೀವಾ?" ಅವಳ ಕಣ್ಣು ಅತ್ತಿಗೆಯ ಮುಖದಲ್ಲಿ ಏನನ್ನೋ ಹುಡುಕಿತು. ಸೂಜಿಯಕ್ಕ ಮುಖ ತಿರುಗಿಸಲಿಲ್ಲ.

"ನಾನೇ. ಕೂತ್ಕೋ. ಮಿಷನ್ ಸದ್ದಾಗತ್ತೆ, ಸ್ವಲ್ಪ ತಡ್ಕೋ."

ನಾದಿನಿ ತಲೆತಗ್ಗಿಸಿ ಕೂತಳು. ಮಿಷನ್ ನೆಟ್ಟಗೆ, ಒಂದೇ ಉಸಿರಿಗೆ ಓಡಿತು. ಸೂಜಿಯಕ್ಕ ದಾರ ಕತ್ತರಿಸಿ ಕಚ್ಚಾ ಹೊಲಿಗೆ ಬಿಚ್ಚಲು ಹೊರಟಾಗ ನಾದಿನಿ ಕುರ್ಚಿ ಹತ್ತಿರಕ್ಕೆಳೆದುಕೊಂಡಳು. "ಇತ್ಲಾಗೆ ಕೊಡಿ, ಅದನ್ನ ನಾನು ಕೀಳ್ತೀನಿ. ನನ್ನ ಉಗುರು ಉದ್ದ ಇದೆ."

ಕ್ಷಮಿಸಿ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಸೂಜಿಯಕ್ಕ ಅದಕ್ಕೆ ಕಾದು ಕೂರಲೂ ಇಲ್ಲ. ತಾನೂ ಒಳಗೊಳಗೇ ಖುಷಿಪಟ್ಟದ್ದನ್ನು ಹೇಳಿರಲಿಲ್ಲವಲ್ಲ, ಅದನ್ನು ಹೇಳಬೇಕಾದ್ದು ಮೇಲಿನವನಿಗೆ.

ಅವರು ಹೋದ ಮೇಲೆ ನೆಲದ ಮೇಲಿನ ದಾರದ ಚೂರುಗಳನ್ನು ಗುಡಿಸಿದಳು. ನಾಳೆ ಮುಂದಿನ ಬೆಂಚು. ಹುಡುಗಿ ಮಂಡಿಯೂರುವಾಗ ತಾನೂ ಊರುವುದು, ಎಲ್ಲವನ್ನೂ ಹೇಳಿಬಿಡುವುದು. ಮಂಡಿ ಲಟಕ್ಕೆಂದರೆ ಅನ್ನಲಿ.

ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. "ಏನ್ ಸೂಜಿಯಕ್ಕ, ಒಬ್ರೇ ನಗ್ತಿದೀರಾ?"

"ಏನಿಲ್ಲ," ಎಂದಳು. "ಮಂಡಿನೋವು ಇವತ್ತು ಸ್ವಲ್ಪ ಕಮ್ಮಿ."