ಕಣದ ಬದಿಗೆ ನಿಂತ ಲಾರಿ

ಲಾರಿ ಕೆಟ್ಟು ನಿಂತದ್ದು ಜಾನಕಿಬಾಯಿಯ ಕಣದ ಪಕ್ಕಕ್ಕೇ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಅಲ್ಲಿ ಏರುತ್ತದೆ. ದಾಂಡೇಲಿಯ ಕಾಗದದ ಮಿಲ್ಲಿಗೆ ನೀಲಗಿರಿ ಕಟ್ಟಿಗೆ ಹೇರಿದ್ದ ಹತ್ತು ಗಾಲಿಯ ಲಾರಿ ಏರಿನ ಬುಡದಲ್ಲೇ ಸತ್ತಿತ್ತು. ತುಂಬಿದ ಲಾರಿಯನ್ನು ಎಳೆಯುವಂಥ ಗಾಡಿ ಹತ್ತಿರದಲ್ಲಿ ಯಾವುದೂ ಇರಲಿಲ್ಲ. ಹಾಗಾಗಿ ಮೆಕ್ಯಾನಿಕ್ಕೇ ಹಳಿಯಾಳದಿಂದ ಬಸ್ಸು ಹತ್ತಿ ಬಂದ.

ಕಣದಲ್ಲಿ ತುಳಿಸಿದ ಬತ್ತ ಹೊಟ್ಟಿನ ಸಮೇತ ಗುಡ್ಡೆ ಬಿದ್ದಿತ್ತು. ಮನೆಗೆ ವರ್ಷದ ಅನ್ನ ಅದು. 2009ರ ಆ ಡಿಸೆಂಬರಿನಲ್ಲಿ ಮೋಡ ಕಟ್ಟುವುದು ನಿಂತೇ ಇರಲಿಲ್ಲ. ಬೆಳಗಿನಿಂದ ಪಡುವಣ ಕಪ್ಪಾಗುತ್ತಿತ್ತು. ಮಳೆ ಬಿದ್ದರೆ ಗುಡ್ಡೆ ಒಳಗೊಳಗೇ ಬಿಸಿಯಾಗಿ ಮೊಳಕೆಯೊಡೆಯುತ್ತದೆ. ತೂರಲು ಗಾಳಿ ಬೇಕು. ಗಾಳಿ ಏಳುವುದು ಮಧ್ಯಾಹ್ನದ ಮೇಲೆ, ಹೊತ್ತು ಇಳಿಯುವಾಗ ಬಿದ್ದುಹೋಗುತ್ತದೆ. ಗಂಡ ಗೇಮಪ್ಪ ಎತ್ತು ನೋಡಲು ಮುಂಡಗೋಡ ಸಂತೆಗೆ ಹೋಗಿದ್ದ. ಕಣದಲ್ಲಿ ಇದ್ದವರು ಅವಳು ಮತ್ತು ಮೈದುನ ವಿಠ್ಠಲ.

ಗಾಳಿ ಎದ್ದು, ವಿಠ್ಠಲ ಎತ್ತರದ ಮರದ ಮೆಟ್ಟಿನ ಮೇಲೆ ನಿಂತು ತೂರಲು ಶುರು ಮಾಡಿದ್ದನಷ್ಟೆ, ಮೆಕ್ಯಾನಿಕ್ ಕಣದ ಅಂಚಿಗೆ ಬಂದ. ಅಬ್ದುಲ್ ಎಂದು ಹೆಸರು. ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದವನು. ಇಂಥ ಹೊಸ ಎಂಜಿನ್ನುಗಳ ಕೆಲಸವನ್ನು ಹುಬ್ಬಳ್ಳಿಯಲ್ಲಿ ಕಲಿತು ಬಂದವನು.

"ಅಕ್ಕಾರ, ಒಂದು ತಾಸು ತೂರೂದು ನಿಲ್ಲಸ್ತೀರೇನ್ರಿ?"

"ಯಾಕ?"

"ಹೊಟ್ಟು ನೆಟ್ಟಗ ಎಂಜಿನ್ ಮ್ಯಾಲ ಬರಾಕತ್ತೈತಿ. ನಾ ಡೀಸೆಲ್ ರೇಲ್ ಬಿಚ್ಚಬೇಕು. ಒಳಗ ಒಂದು ಚೂರು ಧೂಳು ಹೋತಂದ್ರ ಆರೂ ಇಂಜೆಕ್ಟರ್ ಹಾಳಾಗ್ತಾವು."

ವಿಠ್ಠಲ ಮೊರ ಇಳಿಸಲಿಲ್ಲ. "ಕೇಳಿದ್ಯಾ ವೈನಿ, ಲಾರಿಗೆ ನೆಗಡಿ ಆಗತೈತಂತ. ನಾವು ಗಾಳಿ ಬಂದ್ ಮಾಡಬೇಕಂತ."

"ನೆಗಡಿ ಅಲ್ಲೋ ತಮ್ಮಾ, ಹಾರ್ಟಿನ ಆಪರೇಶನ್," ಎಂದ ಲಾರಿಯ ಬಳಿ ಬೀಡಿ ಸೇದುತ್ತ ಕೂತಿದ್ದ ಡ್ರೈವರ್ ಪರಸಪ್ಪ.

"ಮಳಿ ಬಂದ್ರ ನಿಮ್ಮ ಲಾರಿ ತೊಯ್ದು ಒಣಗತೈತಿ," ಎಂದಳು ಜಾನಕಿಬಾಯಿ. "ನನ್ನ ಬತ್ತ ಮೊಳಕಿ ಬರತೈತಿ. ಗಾಳಿ ಬಿದ್ದ ಮ್ಯಾಲ ಬಿಚ್ಚರಿ."

"ಅಷ್ಟೊತ್ತಿಗೆ ಬೆಳಕು ಹೋಗತೈತ್ರಿ."

"ಹಂಗಾರ ನಾಳೆ."

ಅಬ್ದುಲ್ ವಾದ ಮಾಡದೆ ತಿರುಗಿ ಹೋದ. ಲಾರಿಯ ಕ್ಯಾಬಿನ್ ಮುಂದಕ್ಕೆ ಬಗ್ಗಿತು.

ಸ್ವಲ್ಪ ಹೊತ್ತಿಗೆ ಡೀಸೆಲ್ ವಾಸನೆ ಕಣದವರೆಗೆ ಬಂತು. ಲಾರಿಯ ಕೆಳಗಿನಿಂದ ಸಣ್ಣ ಧಾರೆಯೊಂದು ಇಳಿಜಾರು ಹಿಡಿದು ಕಣದತ್ತ ಬರುತ್ತಿತ್ತು. ಜಾನಕಿಬಾಯಿ ಕಣ ಗುಡಿಸುತ್ತಿದ್ದ ಬಾರಿಗೆ ಹಿಡಿದುಕೊಂಡೇ ಹೋದಳು. ಎಂಜಿನ್ನಿನ ಬದಿಗೆ, ಮೊಳದುದ್ದದ ಒಂದು ಉಕ್ಕಿನ ಕೊಳವೆ, ಅಬ್ದುಲ್ ಹೇಳಿದ ರೇಲ್. ಅದರಿಂದ ಆರು ಸಣ್ಣ ಪೈಪು ಹೊರಟಿದ್ದವು. ಒಂದರ ಬುಡ ಒದ್ದೆಯಾಗಿತ್ತು.

"ಇಲ್ಲೇ ಸೋರಾಕತ್ತೈತಲ್ಲ," ಎಂದು ಬೆರಳು ಚಾಚಿದಳು.

ಅಬ್ದುಲ್ ಅವಳ ಕೈಗೆ ಅಡ್ಡವಾಗಿ ಕೋಲು ಹಿಡಿದ. "ಎಂಜಿನ್ ಬಂದ್ ಐತಿ, ಆದರೂ ಮುಟ್ಟಬ್ಯಾಡ್ರಿ. ಹಿಂದ ಸರೀರಿ, ತೋರಸ್ತೀನಿ."

ಕೋಲಿನ ತುದಿಗೆ ರಟ್ಟಿನ ತುಂಡು ಸಿಕ್ಕಿಸಿ, ತಾನೂ ದೂರ ನಿಂತು, ಪರಸಪ್ಪನಿಗೆ ಸನ್ನೆ ಮಾಡಿದ. ಪರಸಪ್ಪ ಎಂಜಿನ್ನಿನ ಹಿಂದಿದ್ದ ಗುಂಡಿ ಒತ್ತಿದ. ಎಂಜಿನ್ ಗೊರಗುಟ್ಟಿ ಒಂದು ಕ್ಷಣ ಬದುಕಿತು. ಅಬ್ದುಲ್ ರಟ್ಟನ್ನು ಆ ಒದ್ದೆ ಜಾಗದ ಮುಂದೆ ಹಾಯಿಸಿದ. ಅಲ್ಲಿ ಏನೂ ಕಾಣಲಿಲ್ಲ. ಚಳಿಗಾಲದಲ್ಲಿ ಬಾಯಿಂದ ಬರುವ ಹಬೆಯಷ್ಟು ಕೂಡ ಇಲ್ಲ. ಎಂಜಿನ್ ಮತ್ತೆ ಸತ್ತಿತು. ರಟ್ಟಿನ ನಡುವೆ ಕುಡುಗೋಲಿನಿಂದ ಕೊಯ್ದಂಥ ಸೀಳು.

ಜಾನಕಿಬಾಯಿ ರಟ್ಟು ಇಸಕೊಂಡಳು. ಸೀಳಿನ ಅಂಚು ನುಣ್ಣಗಿತ್ತು. ಅದರಲ್ಲಿ ಬೆರಳು ತೂರಿಸಿ ಆಚೆ ಬಂದ ತನ್ನ ಉಗುರನ್ನು ನೋಡಿದಳು.

"ಡೀಸೆಲ್ಲೇ ಕೊಯ್ದಿದ್ದು?"

"ಡೀಸೆಲ್ಲೇ. ಹಳೇ ಲಾರಿಯೊಳಗ ಚಾಲೂ ಇದ್ದಾಗನ ನಟ್ಟು ಸಡ್ಲ ಮಾಡಿ ನೋಡತಿದ್ರು. ಇದಕ್ಕ ಹಂಗ ಮಾಡಿದ್ರ ಕೈಯೊಳಗ ಹೊಗತೈತಿ. ರಕ್ತ ಬರೂದಿಲ್ಲ, ಸೂಜಿ ಚುಚ್ಚಿದಂಗ ಕಾಣಸ್ತೈತಿ. ಆಮ್ಯಾಲ ಕೈ ಕಡೀಬೇಕಾಗತೈತಿ."

"ಅಷ್ಟು ಜೋರು ಇಷ್ಟರಾಗ ಹೆಂಗ ಕೂಡತೈತಿ?"

ಅಬ್ದುಲ್ ಯೋಚಿಸಿದ. "ನಿಮ್ಮ ಹೆಬ್ಬೆರಳಿನ ಉಗುರೈತಲ್ರಿ, ಅದರ ಮ್ಯಾಲ ಮೂರು ಎಮ್ಮಿ ನಿಂತಂಗ. ಕೊಳವಿ ಒಳಗ ಎಲ್ಲಾ ಕಡೆ ಹಂಗ."

"ಹಾಲು ಕೊಡೂ ಎಮ್ಮಿಯೋ, ಬರಡೋ?" ಎಂದ ಪರಸಪ್ಪ. ಯಾರೂ ನಗಲಿಲ್ಲ. ಹಿಂದಿನ ದಿನ ರಸ್ತೆಬದಿಯ ಯಾರ ಕೈಯಲ್ಲೋ ಸೋರುವ ಜಾಗದ ನಟ್ಟನ್ನು, ಪಾನಾದ ಹಿಡಿಗೆ ಉದ್ದ ಪೈಪು ಜೋಡಿಸಿ, ಅತಿಯಾಗಿ ಬಿಗಿ ಮಾಡಿಸಿದವನು ಅವನೇ. ನಟ್ಟು ಕೂರುವ ತಿರುಪಿನ ಗೆರೆ, ರೇಲಿನ ಆಟೆ, ಹರಿದದ್ದು ಅದರಿಂದಲೇ. ಈಗ ರೇಲನ್ನೇ ಬದಲಿಸಬೇಕಿತ್ತು.

ಜಾನಕಿಬಾಯಿ ಡೀಸೆಲ್ ಧಾರೆಗೆ ಮಣ್ಣಿನ ಒಡ್ಡು ಹಾಕಿ ಕಣಕ್ಕೆ ಮರಳಿದಳು. ಕೈ ಮೊರಕ್ಕೆ ಬತ್ತ ತುಂಬುತ್ತಿತ್ತು, ಕಣ್ಣು ಲಾರಿಯ ಮೇಲಿತ್ತು. ಅಬ್ದುಲ್ ಎಂಜಿನ್ನಿನ ಆ ಬದಿಯನ್ನು ಉಜ್ಜಿ ತೊಳೆದ. ಆಮೇಲೆ ತನ್ನ ಕೈಗಳನ್ನು ಮೊಳಕೈಯವರೆಗೆ ಸೋಪು ಹಚ್ಚಿ ತೊಳೆದು, ಒರೆಸದೆ ಗಾಳಿಗೆ ಹಿಡಿದ. ಬಿಳಿ ಬಟ್ಟೆ ಹಾಸಿದ. ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಹೊಸ ರೇಲನ್ನಿಟ್ಟ. ಅದರ ಒಂದೊಂದು ತೂತಿಗೂ ಒಂದೊಂದು ಮುಚ್ಚಳ. ಪರಸಪ್ಪ ಏನೋ ಹೇಳಲು ಬಾಯಿ ತೆರೆದ. ಅಬ್ದುಲ್ ಕಣ್ಸನ್ನೆಯಲ್ಲೇ ಸುಮ್ಮನಿರಿಸಿದ. ನಂತರ ಮಂಡಿಯ ಮೇಲೆ ಕೈಯಿಟ್ಟು ಕೂತುಬಿಟ್ಟ. ಹಳೆಯ ರೇಲಿನ ಒತ್ತಡ ಇಳಿಯಲು ಕಾಯುತ್ತಿದ್ದ.

ರಾಶಿ ಅಳೆಯುವ ದಿನ ಗೇಮಪ್ಪ ಹೀಗೇ ಕೂರುತ್ತಿದ್ದ. ಮೈ ತೊಳೆದು, ಮಾತು ಬಿಟ್ಟು. ಅಳತೆ ಮುಗಿಯುವ ತನಕ ಕೆಮ್ಮಿದವರನ್ನೂ ಕಣದಿಂದ ಆಚೆ ಕಳಿಸುತ್ತಿದ್ದ. ಜಾನಕಿಬಾಯಿಗೆ ಆ ಕೊಳವೆಯ ಲೆಕ್ಕ ತಿಳಿದಿರಲಿಲ್ಲ. ಹೀಗೆ ಕೂತವನ ಮೇಲೆ ಹೊಟ್ಟು ಹಾರಿಸಬಾರದು ಎನ್ನುವುದು ತಿಳಿದಿತ್ತು.

"ವಿಠ್ಠಲ, ಕೆಳಗಿಳಿ."

"ಯಾಕ ವೈನಿ, ಈಗ ಚಲೋ ಗಾಳಿ ಐತಿ."

"ಇಳಿ ಅಂದೆ. ಗುಡ್ಡಿ ಮ್ಯಾಲ ಚಾದರ ಎಳಿ."

ಹಾರುತ್ತಿದ್ದ ಹೊಟ್ಟು ನಿಧಾನವಾಗಿ ನೆಲಕ್ಕೆ ಕೂತಿತು. ಅಬ್ದುಲ್ ತಿರುಗಿ ನೋಡಲಿಲ್ಲ. ಬಿಚ್ಚಲು ಶುರು ಮಾಡಿದ. ಜಾನಕಿಬಾಯಿ ತನ್ನ ಮೈಮೇಲಿನ ಹೊಟ್ಟು ಅತ್ತ ಹಾರದಂತೆ, ಗಾಳಿ ಬೀಸಿಹೋಗುವ ಬದಿಗೆ ಸುತ್ತಿ ಹೋಗಿ ದೂರದಲ್ಲಿ ನಿಂತಳು. ಹೊಸ ರೇಲು ಕೂತಿತು. ಹೊಸ ಪೈಪುಗಳ ಮುಚ್ಚಳವನ್ನು ಕೂರಿಸುವ ಕ್ಷಣಕ್ಕೆ ಮಾತ್ರ ತೆಗೆದ. ಪ್ರತಿ ನಟ್ಟನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿದ. ಮೂರು ಎಮ್ಮೆ ತಡೆಯಬೇಕಾದ ನಟ್ಟು ಮಗುವಿನ ಕಾಲಿಗೆ ಗೆಜ್ಜೆ ತೊಡಿಸಿದಷ್ಟು ಹಗುರವಾಗಿ ಸುತ್ತಿಕೊಂಡಿತು. ಕೊನೆಗೆ ಉದ್ದನೆಯ ಪಾನಾ ತೆಗೆದು ಬಿಗಿಸಿದ; ಅದು ಟಕ್ ಎಂದೊಡನೆ ನಿಲ್ಲಿಸಿದ. ಕೂದಲೆಳೆಯಷ್ಟೂ ಹೆಚ್ಚು ತಿರುಗಿಸಲಿಲ್ಲ.

ಮೇಲೆ ಗಾಳಿ ಸುಮ್ಮನೆ ಹೋಗುತ್ತಿತ್ತು. ಚಾದರದ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು.

ಎಂಜಿನ್ ಹತ್ತಿಕೊಂಡಾಗ ನೆಲ ಕಾಲಡಿಗೆ ನಡುಗಿತು. ಅಬ್ದುಲ್ ಹೊಸ ರಟ್ಟನ್ನು ಪ್ರತಿ ಪೈಪಿನ ಬುಡಕ್ಕೂ ಹಾಯಿಸಿ ಅವಳತ್ತ ಎತ್ತಿ ತೋರಿಸಿದ. ಸೀಳಿಲ್ಲ, ಕಲೆಯಿಲ್ಲ. ಅಷ್ಟೂ ಜೋರು ಈಗ ಒಳಗಿತ್ತು. ಕೊಳವೆ ಮಾತ್ರ ಗೋಡೆಗೆ ಒರಗಿಸಿಟ್ಟ ಒನಕೆಯಷ್ಟು ತಣ್ಣಗೆ ಕಾಣುತ್ತಿತ್ತು.

"ಬರ್ತೇನ್ರಿ ಅಕ್ಕಾರ, ಮಿಲ್ ಗೇಟ್ ಮುಚ್ಚತಾರ," ಎಂದು ಪರಸಪ್ಪ ಕ್ಯಾಬಿನ್ ಇಳಿಸಿ ಲಾರಿ ಹತ್ತಿ, ಬ್ರೇಕಿಗೆ ಗಾಳಿ ತುಂಬಲೆಂದು ಕಾದು ಕೂತ. ಅಬ್ದುಲ್‌ನ ಬಸ್ಸಿಗೆ ಇನ್ನೂ ಹೊತ್ತಿತ್ತು.

ಹನಿ ಬೀಳತೊಡಗಿತು. ಗುಡ್ಡೆಯನ್ನು ಹೊಟ್ಟಿನ ಸಮೇತ ಮನೆಗೆ ಹೊರುವುದೊಂದೇ ಉಳಿದಿತ್ತು. ಅಬ್ದುಲ್ ಕೇಳದೆಯೇ ಒಂದು ಬುಟ್ಟಿ ಎತ್ತಿಕೊಂಡ. ಎರಡನೆಯದಕ್ಕೇ ಕುತ್ತಿಗೆ ತುರಿಸಿಕೊಳ್ಳುತ್ತ ಸೀನಿದ.

"ನಿನಗಾರ ನೆಗಡಿ ಬಂತಲ್ಲ," ಎಂದ ವಿಠ್ಠಲ. ಆಮೇಲೆ ಅತ್ತಿಗೆಯ ಕಡೆ ತಿರುಗಿದ. "ಆ ಗಾಳ್ಯಾಗ ಅರ್ಧಾ ರಾಶಿ ತೂರತಿದ್ವಿ ವೈನಿ."

"ತೂರತಿದ್ವಿ."

"ಅಣ್ಣ ಕೇಳಿದ್ರ ಏನ್ ಹೇಳ್ತಿ?"

"ನಿಲ್ಲಿಸಿದೆ ಅಂತ ಹೇಳ್ತೀನಿ."

ತಳದ ಬತ್ತ ತೊಯ್ದೇಹೋಗುತ್ತದೆ, ಕೋಳಿಗಷ್ಟೇ ಆದೀತು. ಉಳಿದದ್ದು ಪಡಸಾಲೆ ತುಂಬಿ ಒಲೆಯವರೆಗೆ ಬಂದೀತು. ಆಮೇಲೆ ಅದನ್ನು ಮೊರ ಮೊರವಾಗಿ ಒಳಗೇ ಕೇರಬೇಕು, ವಾರ ಹಿಡಿದೀತು. ಜಾನಕಿಬಾಯಿಗೆ ಅದು ಗೊತ್ತಿತ್ತು. ಆದರೂ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿ ನಿಂತಳು. ತುಂಬಿದ ಲಾರಿ ಕೊನೆಗೂ ಹೊರಟು ಏರು ಹತ್ತುತ್ತಿತ್ತು. ಒಂದು ಸಲವೂ ಉಸಿರು ತಪ್ಪದ ಆ ಸದ್ದು ಗುಡ್ಡದಾಚೆ ಇಳಿಯುವ ತನಕ ಅವಳು ಕದಲಲಿಲ್ಲ.