ಕಿಟಕಿ ಪಕ್ಕದ ಮೇಜು

"ಇನ್ನೊಂಚೂರು ಹಿಂದಕ್ಕೆ ಸರ್ಸಿ, ಬೆನ್ನು ಗೋಡೆಗೆ ತಾಗ್ಬೇಕು," ಎಂದು ಮಠದ ಅಯ್ಯನವರು ಹೇಳಿದಾಗ ಸೋಮಶೇಖರ್ ಅಣ್ಣನ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದ. ಹೊತ್ತಾದರೆ ಮೈ ಸೆಟೆದುಕೊಳ್ಳುತ್ತದೆ, ಆಮೇಲೆ ಕಾಲು ಮಡಿಸಲು ಆಗುವುದಿಲ್ಲ ಎಂದು ಅಯ್ಯನವರು ಬಂದ ಗಳಿಗೆಯಿಂದ ಅವಸರ ಮಾಡುತ್ತಿದ್ದರು. ಅಂತೂ ರೇವಣಸಿದ್ದಯ್ಯ ಚಕ್ಕಳಮಕ್ಕಳ ಹಾಕಿ, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ತುಮಕೂರಿನ ಸದಾಶಿವನಗರದ ತಮ್ಮ ಮನೆಯ ನಡುಮನೆಯಲ್ಲಿ ಕೂತರು. ಬಾಗದ ಹಾಗೆ ಎದೆಗೆ ಬಿಳಿ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದರು. ಆಯಸ್ಸೆಲ್ಲ ಕುಣಿಗಲ್ ಗುಬ್ಬಿ ಬಸ್ಸಿನಲ್ಲಿ ನಿಂತೇ ಕಳೆದ ಕಂಡಕ್ಟರಿಗೆ ಯಾರೂ ಎಬ್ಬಿಸದ ಸೀಟು ಕೊನೆಗೂ ಸಿಕ್ಕಿತ್ತು.

ಆ ಕಿಟಕಿಯನ್ನು ಬೆಳಗಿನ ಜಾವ ಅವರೇ ತೆಗೆದಿದ್ದರು. ಅದರ ಕೆಳಗೇ ಕುರ್ಚಿಯಲ್ಲಿ ತಣ್ಣಗಾಗಿದ್ದರು. ಎರಡು ಬೀದಿಯಾಚೆಯಿಂದ ಓಡಿಬಂದ ಮಗಳು ಮಾಲಿನಿ ಅಪ್ಪನ ಮುಖ ನೋಡುವುದಕ್ಕೂ ಮೊದಲು ಕಿಟಕಿ ಮುಚ್ಚಿದ್ದಳು. ಚಳಿಗಾಲ ಬಂತೆಂದರೆ ಕಿಟಕಿ ಮುಚ್ಚುವುದು ಅವಳಿಗೆ ರೂಢಿಯಾಗಿಹೋಗಿತ್ತು. ಅಪ್ಪನ ಹಾರ್ಟಿಗೆ ಸ್ಟೆಂಟ್ ಹಾಕಿದ ಮೇಲೆ ಅವಳಿಗೆ ಚಳಿಯ ಮೇಲೇ ಹಗೆ.

"ಅತ್ಗೆ," ಸೋಮಶೇಖರ್ ಕಲ್ಲಮ್ಮನ ಎದುರು ಬಂದು ಕುಕ್ಕುರುಗಾಲಲ್ಲಿ ಕೂತ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟವನು, ಮೆಲ್ಲಗೆ ಮಾತಾಡಿದರೂ ಬೀದಿಗೆ ಕೇಳುತ್ತದೆ. "ಮಂಗಳ್ವಾರ ತಾನೆ ಬೆಂಗ್ಳೂರಿಗೆ ಚೆಕಪ್ಪಿಗೆ ಹೋಗಿದ್ದು? ಏನಂದ್ರು ಡಾಕ್ಟ್ರು?"

ಕಲ್ಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಎಲ್ಲಾ ಚೆನ್ನಾಗಿದೆ ಅಂದ್ರಂತೆ ಚಿಕ್ಕಪ್ಪ," ಮಾಲಿನಿಯೇ ಹೇಳಿದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು. "ಹೋದ್ಸಲದಂಗೇ ಉಪ್ಪು ಕಮ್ಮಿ ಮಾಡಿ ಅಂದ್ರಂತೆ, ಅಷ್ಟೇ. ನಾನೇ ಫೋನ್ ಮಾಡಿ ಟೈಮ್ ತಗೊಂಡಿದ್ದೆ."

"ಚೆನ್ನಾಗಿದ್ದೋನು ವಾರದೊಳ್ಗೆ ಹೋಗ್ತಾನಾ? ಏನ್ ನೋಡಿದ್ರು ಆ ಬಡ್ಡೀಮಕ್ಳು?" ಸೋಮಶೇಖರ್ ಎದ್ದು ನಿಂತ. "ಸುಮ್ನೆ ಬುಡೋನಲ್ಲ ನಾನು. ಕಂಪ್ಲೇಂಟ್ ಕೊಡ್ತೀನಿ. ಪೋಸ್ಟ್ ಮಾರ್ಟಂ ಆಗ್ಲಿ, ಆಮೇಲೆ ಮಣ್ಣು."

"ಕೂರಿಸಿ ಆಗಿದೆಯಲ್ಲಪ್ಪ," ಎಂದರು ಅಯ್ಯನವರು.

"ಆಗ್ಲಿ ಬುದ್ದಿ. ನಮ್ಮಣ್ಣ ಯಾಕೆ ಹೋದ ಅಂತ ಗೊತ್ತಾಗ್ಬೇಕೋ ಬೇಡ್ವೋ?"

"ಗೊತ್ತಾಗ್ಬೇಕು," ಎಂದಳು ಮಾಲಿನಿ.

ಈಗ ಹೇಳಬೇಕು, ಈಗಲೇ ಹೇಳಬೇಕು ಎಂದು ಕಲ್ಲಮ್ಮ ಅಂದುಕೊಂಡರು. ಬಾಯಿ ಬರಲಿಲ್ಲ. ಎದುರು ಮನೆಯ ಖುರ್ಷಿದಾ ಬೇಗಂ ನೀರು ತಂದುಕೊಟ್ಟರು. ಅದನ್ನು ಪಕ್ಕಕ್ಕಿಟ್ಟರು. ಅಂಗಳದಲ್ಲಿ ಸೋಮಶೇಖರ್ ಆಂಬುಲೆನ್ಸಿಗೆ ಫೋನ್ ಮಾಡುವುದು ಕೇಳುತ್ತಿತ್ತು.

*

ಮೊದಲ ಸಲ ಹಾಗಾಗಿದ್ದು ಕಾರ್ತೀಕದಲ್ಲಿ. ಚೆಕಪ್ಪಿಗೆಂದು ಗಂಡ ಹೆಂಡತಿ ಆಸ್ಪತ್ರೆಯ ಗೇಟಿನವರೆಗೆ ಹೋಗಿದ್ದರು. ಬೆಂಗಳೂರಿಗೆ ಬೆಂಗಳೂರೇ ಮಂಜಿನಲ್ಲಿ ಮುಚ್ಚಿಹೋಗಿತ್ತು. ರೇವಣಸಿದ್ದಯ್ಯ ಬಾಯಿಂದ ಹೊಗೆ ಬಿಟ್ಟು ನೋಡಿ ಮಗುವಿನ ಹಾಗೆ ನಕ್ಕಿದ್ದರು.

"ಎಂಥಾ ಚಳಿ ನೋಡೇ ಕಲ್ಲಮ್ಮ! ಇಂಥಾ ದಿನ ಒಳಗೋಗಿ ಟೋಕನ್ ಹಿಡ್ಕಂಡು ಕೂರೋದಾ?"

ಹಾಗೆ ತಪ್ಪಿಸಿಕೊಂಡು ಸಿಕ್ಕ ಬಸ್ಸು ಹತ್ತಿದವರು ಮಲ್ಲೇಶ್ವರದ ಯಾವುದೋ ಅಡ್ಡರಸ್ತೆಯ ಹಳೇ ಹೋಟೆಲಿನಲ್ಲಿ ಹೋಗಿ ಕೂತರು. ಕೈ ತಾಗಿ ತಾಗಿ ನುಣುಪಾದ ಮರದ ಬಾಗಿಲು, ಅಮೃತಶಿಲೆಯ ಮೇಜು, ಅಂಚು ಕಪ್ಪಾದ ದೊಡ್ಡ ಕನ್ನಡಿ. ಒಳಗಿನ ಹಬೆಗೆ ಕಿಟಕಿಯ ಗಾಜು ಬೆವರಿತ್ತು. ಡಿಕಾಕ್ಷನ್ ವಾಸನೆ ಸ್ವೆಟರಿಗೇ ಹತ್ತುತ್ತಿತ್ತು. ರೇವಣಸಿದ್ದಯ್ಯ ಕಿಟಕಿ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ಕೂತರು. ಡಾಕ್ಟರು ಕಾಫಿ ಕಮ್ಮಿ ಮಾಡಿ ಅಂದಿದ್ದು ನೆನಪಾಗಿ ಬೈ ಟು ಹೇಳಿದರು. ಬಂದ ಎರಡು ಅರ್ಧ ಲೋಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಮ್ಮದರಿಂದ ಒಂದು ಗುಟುಕು ಹೆಂಡತಿಯ ಲೋಟಕ್ಕೆ ಬಗ್ಗಿಸಿದರು.

ಕಾಫಿ ಮುಗಿದ ಕೂಡಲೇ ರೂಢಿಯಂತೆ ಎದ್ದೇಬಿಟ್ಟರು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಹಾರ್ನ್ ಹೊಡೆಯುವಷ್ಟರಲ್ಲಿ ನಿಂತಲ್ಲೇ ಬಾಯಿ ಸುಟ್ಟುಕೊಂಡು ಕುಡಿದು ಅಭ್ಯಾಸ. ತುಮಕೂರಿನಲ್ಲೂ ಅಷ್ಟೇ, ಹೋಟೆಲಿನಲ್ಲಿ ಕೂತರೆ ಯಾರಾದರೂ "ಏನ್ ಕಂಡಕ್ಟ್ರೇ" ಎನ್ನುತ್ತಾರೆ, ಇವರು ಎದ್ದು ಜಾಗ ಬಿಡುತ್ತಾರೆ.

"ಕೂತ್ಕೊಳಿ ಸಾರ್, ಏನ್ ಅವಸರ? ನಿಧಾನಕ್ಕೆ ಹೋಗಿ," ಎಂದಿದ್ದ ವಯಸ್ಸಾದ ಸಪ್ಲೈಯರ್.

ಅವರು ಮತ್ತೆ ಕೂತರು. ಮಧ್ಯಾಹ್ನದವರೆಗೆ ಇಬ್ಬರೂ ಏಳಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಗಂಡನ ಎದುರು ಅಷ್ಟು ಹೊತ್ತು ಕೂತಿದ್ದು ಕಲ್ಲಮ್ಮನಿಗೆ ಅದೇ ಮೊದಲು. ರಾತ್ರಿ ಮಗಳು ಫೋನಿನಲ್ಲಿ ಕೇಳಿದಾಗ ಗಂಡ ಪೆಕರುಪೆಕರಾಗಿ ನೋಡಿದ್ದರಿಂದ ಸುಳ್ಳನ್ನು ಕಲ್ಲಮ್ಮನೇ ಹೇಳಿದರು. ನಂಬಲಿ ಅಂತ ಉಪ್ಪಿನ ಮಾತನ್ನೂ ಸೇರಿಸಿದರು. ಮಾರನೇ ದಿನದಿಂದ ಮಗಳ ಮನೆಯಿಂದ ಬರುವ ಸಾರು ಸಪ್ಪೆಯಾಯಿತು.

*

ಆಂಬುಲೆನ್ಸು ಬೀದಿಯಲ್ಲಿ ನಿಂತಿತು. ಸ್ಟ್ರೆಚರ್ ಹಿಡಿದು ಒಳಗೆ ಬಂದ ಇಬ್ಬರು ಕೂತಿದ್ದ ದೇಹವನ್ನು ನೋಡಿ ಬಾಗಿಲಲ್ಲೇ ತಡೆದರು.

"ಹಿಂಗೆ ಕೂತಿದ್ರೆ ಆಗಲ್ಲ ಸಾರ್," ಎಂದ ಅವರಲ್ಲೊಬ್ಬ, ತಲೆ ಕೆರೆದುಕೊಳ್ಳುತ್ತ. "ಮಲಗಿಸ್ಬೇಕಾಗ್ತದೆ. ಕಾಲು ನೀಡಿಸ್ಬೇಕು."

"ಈಗ ಬಿಗಿದಿರ್ತದಪ್ಪ," ಎಂದರು ಅಯ್ಯನವರು.

"ಸ್ವಲ್ಪ ಅದುಮಿದ್ರೆ ಬರ್ತದೆ," ಎಂದು ಅವನು ಮಂಡಿಯ ಮೇಲೆ ಕೈಯಿಟ್ಟ.

"ಮುಟ್ಬೇಡ!"

ಕಲ್ಲಮ್ಮನ ಕೂಗಿಗೆ ಅಂಗಳದ ಭಜನೆಯವರು ತಾಳ ನಿಲ್ಲಿಸಿದರು. ಆಕೆ ಗೋಡೆ ಹಿಡಿದು ಎದ್ದು ಗಂಡನಿಗೂ ಸ್ಟ್ರೆಚರಿಗೂ ನಡುವೆ ನಿಂತಿದ್ದರು.

"ಆಸ್ಪತ್ರೆಯೋರ ತಪ್ಪಿಲ್ಲ ಸೋಮಣ್ಣ. ನಾವು ಅಲ್ಲಿಗೆ ಹೋಗೇ ಇಲ್ಲ."

"ಏನಂತೀರ ಅತ್ಗೆ?"

"ಮಂಗಳ್ವಾರನೂ ಹೋಗ್ಲಿಲ್ಲ, ಕಾರ್ತೀಕದಲ್ಲೂ ಹೋಗ್ಲಿಲ್ಲ. ಕಾಫಿ ಕುಡಿಯೋಕೆ ಹೋಗಿದ್ವಿ."

ಸೋಮಶೇಖರ್ ಅತ್ತಿಗೆಯನ್ನೂ ಅಣ್ಣನನ್ನೂ ಮತ್ತೆ ಮತ್ತೆ ನೋಡಿದ.

"ಕಾಫಿಗಾ? ತುಮಕೂರಲ್ಲಿ ಕಾಫಿ ಇರ್ಲಿಲ್ವಾ?"

"ಇತ್ತು. ಇಲ್ಲಿ ಅವ್ರು ಕೂರ್ತಾ ಇರ್ಲಿಲ್ಲ."

ಮಾಲಿನಿ ಅಮ್ಮನನ್ನೇ ನೋಡುತ್ತಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಲ್ಲಮ್ಮನ ಎದೆ ಸುಡುತ್ತಿದ್ದದ್ದು ಅದಲ್ಲ.

"ಮಂಗಳ್ವಾರ ಯಶವಂತಪುರದಲ್ಲಿ ಟ್ರೈನಿಳಿದಾಗ ಅವ್ರು ಕೇಳಿದ್ರು ಮಗಾ. ಇವತ್ತು ತೋರಿಸ್ಕೊಂಡೇ ಹೋಗೋಣ್ವಾ ಅಂತ. ನಾನೇ ಬೇಡ ಅಂದೆ. ಚಳಿ ಮುಗೀಲಿ, ಆಸ್ಪತ್ರೆ ಎಲ್ಲೂ ಓಡೋಗಲ್ಲ ಅಂದೆ. ಅಲ್ಲೋಗಿ ಕೂರೋದು ಅವ್ರಿಗಿಂತ ನಂಗೇ ಬೇಕಾಗಿತ್ತು."

"ನಿನ್ ಮಾತು ನಂಬಿದ್ನಲ್ಲಮ್ಮ," ಎಂದಳು ಮಾಲಿನಿ. ಇನ್ನೇನೋ ಹೇಳಲು ಹೋದಳು, ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.

ಸೋಮಶೇಖರ್ ಸ್ಟ್ರೆಚರಿನವರಿಗೆ, "ನೀವು ಹೊರಡಿ ಕಣ್ರಪ್ಪ," ಎಂದ.

*

ಕೂತ ಹಾಗೆಯೇ ಅವರನ್ನು ಹೂವಿನ ವಿಮಾನದಲ್ಲಿ ಹೆಗಲ ಮೇಲೆ ಕರೆದೊಯ್ದರು. ಕೂತ ಹಾಗೆಯೇ ಗುಂಡಿಗಿಳಿಸಿ, ಸುತ್ತ ಬಿಲ್ವಪತ್ರೆ, ವಿಭೂತಿಗಟ್ಟಿ ತುಂಬಿದರು. ಮಾಲಿನಿ ಮಣ್ಣು ಹಾಕಿದಳು. ದಾರಿಯಲ್ಲಾಗಲಿ ಅಲ್ಲಾಗಲಿ ಅಮ್ಮನ ಕಡೆ ತಿರುಗಲಿಲ್ಲ. ತನಗೆ ಇನ್ನು ಮಗಳೂ ಇಲ್ಲ ಎಂದುಕೊಂಡೇ ಕಲ್ಲಮ್ಮ ಮನೆಗೆ ಬಂದರು.

ಸಂಜೆ ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು. ನಡುಮನೆಯ ಗೋಡೆಯ ಮೇಲೆ, ಬೆನ್ನು ತಾಗಿದ್ದ ಕಡೆ ವಿಭೂತಿಯ ಬಿಳಿ ಉಳಿದಿತ್ತು. ಕಲ್ಲಮ್ಮ ಅದರ ಎದುರು ಕೂತರು. ಮಾಲಿನಿ ಚಪ್ಪಲಿ ಹುಡುಕುವ ಸದ್ದಾಯಿತು. ಹೊರಟಳು ಎಂದು ಕಣ್ಣು ಮುಚ್ಚಿಕೊಂಡರು.

ಹೊರಗೆ ಹೋದ ಮಾಲಿನಿ ಎದುರು ಮನೆಯಿಂದ ಫ್ಲಾಸ್ಕ್ ಹಿಡಿದು ವಾಪಸು ಬಂದಳು. "ಖುರ್ಷಿದಾ ಆಂಟಿ ಕೊಟ್ರು. ಒಂದೇ ಲೋಟದಷ್ಟಿದೆ, ಮಿಕ್ಕಿದ್ದು ಭಜನೆಯೋರಿಗೆ ಆಗೋಯ್ತಂತೆ." ಎರಡು ಲೋಟ ತಂದು ನೆಲದ ಮೇಲಿಟ್ಟು ಬಗ್ಗಿಸಿದಳು. ಎರಡೂ ಅರ್ಧಕ್ಕಿಂತ ಕೆಳಗೇ ನಿಂತವು.

"ಅಲ್ಲಿ ಅಪ್ಪ ಎಲ್ಲಿ ಕೂರ್ತಿದ್ರು?"

ಕಲ್ಲಮ್ಮ ಲೋಟಗಳಿಂದ ತಲೆಯೆತ್ತಿದರು. "ಕಿಟಕಿ ಪಕ್ಕ. ಗೋಡೆಗೆ ಒರಗಿ."

ಮಾಲಿನಿ ಎದ್ದಳು. ಸರಳಿಗೆ ಇನ್ನೂ ಸುತ್ತಿಕೊಂಡಿದ್ದ ಬಿಳಿ ಪಂಚೆಯ ತುಂಡನ್ನು ಬಿಚ್ಚಿ ಮಡಿಸಿಟ್ಟು, ಚಿಲಕ ಜಗ್ಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ಚಳಿ ಒಮ್ಮೆಲೇ ಒಳಗೆ ನುಗ್ಗಿತು. ಅವಳು ಗೋಡೆಯ ಬಿಳಿ ಕಲೆಗೆ ಬೆನ್ನು ಕೊಟ್ಟು ಕೂತು, ಸೆರಗು ಹೊದ್ದುಕೊಂಡು, ತನ್ನ ಲೋಟದಿಂದ ಒಂದು ಗುಟುಕು ಅಮ್ಮನ ಲೋಟಕ್ಕೆ ಬಗ್ಗಿಸಿದಳು.