ಕೂಗಿ ಹೇಳಿದ ಓಟು

ಕೆಂಟಕಿಯಲ್ಲಿ ಓಟು ಹಾಕುವುದೆಂದರೆ ಕೂಗುವುದು. ಕೋರ್ಟಿನ ಜಗಲಿಯ ಮೇಲೆ ನಿಂತು ಶೆರೀಫ ಹೆಸರು ಕರೆಯುತ್ತಾನೆ, ಕರೆಸಿಕೊಂಡವನು ಊರೆಲ್ಲ ಕೇಳುವಂತೆ ತನ್ನ ಆಯ್ಕೆ ಹೇಳುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಗಂಡಸಾದವನಿಗೆ ಮುಚ್ಚಿಡುವಂಥದ್ದು ಏನಿದೆ ಎಂದು ಜಮೀನ್ದಾರರು ಮೀಸೆ ತಿರುವುತ್ತಿದ್ದರು. ಅವರ ಗೇಣಿದಾರರಲ್ಲಿ ಒಬ್ಬನಾದರೂ ಹಾಗೆಂದದ್ದನ್ನು ಡಾರ್ಕಸ್ ಕೇಳಿರಲಿಲ್ಲ.

ಸಾವಿರದ ಎಂಟುನೂರ ಅರವತ್ತರ ನವೆಂಬರಿನ ಆ ಮಂಗಳವಾರ ಅವಳು ಕೋರ್ಟಿನ ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ಶುಂಠಿ ಕೇಕು ಮಾರುತ್ತ ಕೂತಿದ್ದಳು. ಅಧ್ಯಕ್ಷ ಪದವಿಗೆ ನಾಲ್ವರು ನಿಂತಿದ್ದರು. ಕರ್ನಲ್ ಸ್ಟಾಲರ್ಡ್ ಟೆನೆಸ್ಸಿಯ ಬೆಲ್ ಕಡೆ. ಆದ್ದರಿಂದ ಅವನ ಗೇಣಿದಾರರೆಲ್ಲ ಬೆಲ್ ಕಡೆ. ಬೆಲ್ ಎಂದರೆ ಗಂಟೆ; ಹುರಿಯಾಳಿನ ಹೆಸರಿಗೆ ಒಪ್ಪಲಿ ಎಂದು ಅವರು ದನಗಳ ಗಂಟೆ ಬಿಚ್ಚಿ ತಮ್ಮ ಕೊರಳಿಗೆ ಕಟ್ಟಿಕೊಂಡು ಬಂದಿದ್ದರು. ಕರ್ನಲ್ಲನ ಖರ್ಚಿನ ವಿಸ್ಕಿ ಪೀಪಾಯಿಯ ಸುತ್ತ ಢಣಢಣ ಎನ್ನುತ್ತ ಒಬ್ಬರ ಮೇಲೊಬ್ಬರು ವಾಲುತ್ತಿದ್ದರು.

"ಇವರನ್ನ ಕಾಯೋಕೆ ಯಾರೂ ಬಂದಿಲ್ವಾ?" ಎಂದಳು ಡಾರ್ಕಸ್, ಪಕ್ಕದಲ್ಲಿ ಬೂಟಿನ ಕೆಸರು ಕೆರೆಯುತ್ತಿದ್ದ ಗಂಡನಿಗೆ.

ಲೆಮ್ಯುಯಲ್ ನಗಲಿಲ್ಲ. ಅವನೂ ಕರ್ನಲ್ಲನ ಗೇಣಿದಾರನೇ. ಆದರೆ ಬೇಸಿಗೆಯಿಡೀ ಹಿಟ್ಟಿನ ಗಿರಣಿಯ ಮುಂದೆ ಕೂತು, ತನ್ನ ಓಟು ಲಿಂಕನ್‌ಗೆ ಎಂದು ಗೊಣಗಿಕೊಂಡಿದ್ದ.

"ಇನ್ನೂ ಅದೇ ಹುಚ್ಚಾ?" ಎಂದಳು.

"ಬೇಲಿಗೆ ಮರ ಸೀಳಿದ ಕೈ ಕಣೇ ಅದು. ನನ್ನ ಹಾಗೆ ಗಂಟುಬಿದ್ದ ಕೈ. ಅಂಥವನೊಬ್ಬ ಕೂರಲಿ ಅಲ್ಲಿ."

"ಅವನು ಅಲ್ಲಿ ಕೂರ್ತಾನೆ. ನಾವೆಲ್ಲಿ ಕೂರೋದು? ತಂಬಾಕು ಇನ್ನೂ ಕರ್ನಲ್ಲನ ಕೊಟ್ಟಿಗೆಯಲ್ಲೇ ತೂಗಾಡ್ತಿದೆ. ಮನೆ ಅವನದು, ಬಾವಿ ಅವನದು. ಬೆಲ್ ಅಂತ ಒಂದು ಸಲ ಅಂದು ಇಳಿದು ಬಾ. ನಾಲಿಗೆ ಸವೆಯಲ್ಲ."

"ಹೂಂ" ಎಂದ ಅವನು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಆ ಹೂಂಗೆ ಏನೂ ಅರ್ಥವಿಲ್ಲವೆಂದು ಗೊತ್ತಿತ್ತು.

ಗಂಟೆಯವರು ಒಬ್ಬೊಬ್ಬರಾಗಿ ಜಗಲಿ ಹತ್ತಿದರು. "ಬೆಲ್" ಎಂದಾಗಲೆಲ್ಲ ಕರ್ನಲ್ ಕುರ್ಚಿಯಿಂದ ಅರ್ಧ ಎದ್ದು ಟೋಪಿ ಮುಟ್ಟುತ್ತಿದ್ದ. ಒಬ್ಬನಿಗಂತೂ ತನ್ನ ಹುರಿಯಾಳಿನ ಹೆಸರೇ ಮರೆತುಹೋಗಿ, ಕೊರಳ ಗಂಟೆ ಅಲ್ಲಾಡಿಸಿದ. ಗುಮಾಸ್ತ ಅದನ್ನೂ ಬರೆದುಕೊಂಡ. ಸ್ವತಂತ್ರ ನಾಡಿನ ಸ್ವತಂತ್ರ ಪ್ರಜೆ!

ಲೆಮ್ಯುಯಲ್‌ನ ಸರದಿ ಬಂತು. ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ನೇಣಿಗೆ ನಿಂತವನ ಹಾಗೆ ನೆಟ್ಟಗೆ ನಿಂತ.

"ಲಿಂಕನ್."

ಒಂದು ಕ್ಷಣ ಗಂಟೆಗಳೂ ನಿಂತವು. ಡಾರ್ಕಸ್ ಕಣ್ಣು ಮುಚ್ಚಿದಳು. ಆಮೇಲೆ ಯಾರೋ ಕಿಸಕ್ಕೆಂದರು. ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕರ್ನಲ್ಲನ ಕುದುರೆ ಹಿಡಿದುಕೊಂಡು ನಿಂತಿದ್ದ ಗುಲಾಮನೊಬ್ಬ ಮಾತ್ರ ಬಗ್ಗಿ, ಕುದುರೆಯ ಗೊರಸನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ಕರ್ನಲ್ ಕಣ್ಣೀರು ಒರೆಸಿಕೊಳ್ಳುತ್ತ ಡಾರ್ಕಸಳ ಬುಟ್ಟಿಯ ಬಳಿ ಬಂದು, ಕೇಕು ಮುರಿದು ಬಾಯಿಗೆ ಹಾಕಿಕೊಂಡ.

"ಹೆದರಬೇಡಮ್ಮ ಡಾರ್ಕಸ್, ನಿನ್ನ ಗಂಡನ್ನ ನಾನು ಓಡಿಸಲ್ಲ. ಜಿಲ್ಲೆಗೊಂದು ಇಂಥ ಪ್ರಾಣಿ ಇರಬೇಕು. ಲೆಕ್ಸಿಂಗ್ಟನ್ನಿಂದ ನೆಂಟರು ಬಂದಾಗ ಕರೆಸ್ತೀನಿ. ಕಳಿಸು, ನೋಡಿಕೊಂಡು ಹೋಗಲಿ."

ಮತ್ತೆ ನಗು. ಲೆಮ್ಯುಯಲ್ ಮೆಟ್ಟಿಲ ಮೇಲೇ ನಿಂತಿದ್ದ, ಟೋಪಿ ಇನ್ನೂ ಕೈಯಲ್ಲಿ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ; ಅದಕ್ಕೆಂದೇ ಸಿದ್ಧನಾಗಿ ಬಂದಿದ್ದ. ಡಾರ್ಕಸಳಿಗೆ ಬೇಕಿದ್ದದ್ದೆಲ್ಲ ಸಿಕ್ಕಿತ್ತು. ಮನೆ ಉಳಿದಿತ್ತು, ತಂಬಾಕು ಉಳಿದಿತ್ತು. ತಲೆ ತಗ್ಗಿಸಿ "ದೊಡ್ಡ ಮನಸ್ಸು ನಿಮ್ಮದು" ಅಂದಿದ್ದರೆ ಮುಗಿಯುತ್ತಿತ್ತು.

"ಅಲ್ಲ ಕರ್ನಲ್ರೇ," ಎಂದಳು, "ಬೆಳಗಿನಿಂದ ನೋಡ್ತಿದೀನಿ. ಒಂದು ಪೀಪಾಯಿ ಕುಡಿಸಿ ಕುಡಿಸಿ ಇವರ ಬಾಯಿಂದ ನಿಮ್ಮದೇ ಒಂದು ಮಾತು ಇಪ್ಪತ್ತು ಸಲ ಹೊರಡಿಸಿದ್ರಿ. ಅಷ್ಟು ಕಷ್ಟ ಯಾಕೆ? ನೀವೇ ಅಲ್ಲಿ ನಿಂತು ಇಪ್ಪತ್ತು ಸಲ ಕೂಗಿಕೊಂಡಿದ್ರೆ ವಿಸ್ಕಿನಾದ್ರೂ ಉಳೀತಿತ್ತು. ನಿಮ್ಮ ನೆಂಟರಿಗೆ ತೋರಿಸೋದಾದ್ರೆ ಈ ಮಂದೇನ ತೋರಿಸಿ, ಗಂಟೆ ಸಮೇತ."

ಗೇಟಿನ ಹೊರಗೆ ನಿಂತಿದ್ದ ಎದುರು ಪಕ್ಷದವರು ಸಿಳ್ಳೆ ಹಾಕಿದರು. ಅವರ ಜೊತೆ ಒಬ್ಬ ಗಂಟೆಯವನೂ ನಕ್ಕುಬಿಟ್ಟ. ಆಮೇಲೆ ಕೆಮ್ಮಿದ ಹಾಗೆ ಮಾಡಿದ. ಕರ್ನಲ್ಲನ ಕತ್ತು ಕೆಂಪೇರಿತು. ಓಟನ್ನು ನಗುವಿನಲ್ಲಿ ತೇಲಿಸಿಬಿಡಬಹುದಿತ್ತು. ತನ್ನ ಕೂಳು ತಿನ್ನುವವಳ ನಾಲಿಗೆಯನ್ನು ಹಾಗೆ ಬಿಡುವುದು ಅವನಿಂದಾಗಲಿಲ್ಲ.

"ಕ್ರಿಸ್‌ಮಸ್‌ಗೆ ಮೊದಲು ಮನೆ ಖಾಲಿ ಮಾಡಿ" ಎಂದು ಹೇಳಿ, ಬಾಯಲ್ಲಿದ್ದ ಕೇಕನ್ನು ಉಗಿದು ಹೋದ.

ಕೆಂಟಕಿ ಬೆಲ್ ಪಾಲಾಯಿತು. ಆ ಮಣ್ಣಿನಲ್ಲೇ ಹುಟ್ಟಿದ ಇಬ್ಬರು ಕಣದಲ್ಲಿದ್ದರು. ಒಬ್ಬ ಆಗ ದೇಶದ ಉಪಾಧ್ಯಕ್ಷನಾಗಿದ್ದ ಲೆಕ್ಸಿಂಗ್ಟನ್ನಿನವನು, ಇನ್ನೊಬ್ಬ ಮರದ ಗುಡಿಸಲಿನ ಲಿಂಕನ್. ಇಬ್ಬರನ್ನೂ ಬಿಟ್ಟು ನೆರೆರಾಜ್ಯದವನನ್ನು ಆರಿಸಿದ್ದಕ್ಕೆ ಜನ ಬೀಗಿದ್ದೇ ಬೀಗಿದ್ದು. ಲಿಂಕನ್‌ಗೆ ಇಡೀ ರಾಜ್ಯದಲ್ಲಿ ಒಂದೂವರೆ ಸಾವಿರ ಓಟೂ ಬೀಳಲಿಲ್ಲ. ಅಧ್ಯಕ್ಷನಾದವನು ಅವನೇ.

ಡಿಸೆಂಬರಿನಲ್ಲಿ ಗಂಡ ಹೆಂಡಿರು ಒಹಾಯೊ ನದಿಯ ದಡದಲ್ಲಿ, ಇಂಡಿಯಾನಾಕ್ಕೆ ದಾಟಿಸುವ ದೋಣಿಗೆ ಕಾಯುತ್ತಿದ್ದರು. ತಂಬಾಕಿನಲ್ಲಿ ಕರ್ನಲ್ ತನ್ನ ಪಾಲು ಮೊದಲು ಆರಿಸಿಕೊಂಡಿದ್ದ. ಉಳಿದ ಉದುರೆಲೆ ಗಾಡಿಯ ಮೂಲೆಯಲ್ಲಿ ಬಿದ್ದಿತ್ತು.

"ಓಟಿಗಾಗಿ ಊರು ಬಿಟ್ಟಿರಾ?" ಎಂದು ಕೇಳಿದ, ಸುದ್ದಿ ಮೊದಲೇ ಕಿವಿಗೆ ಬಿದ್ದಿದ್ದ ದೋಣಿಯವ.

"ಓಟಿಗೆ ಯಾರೂ ಏನೂ ಅನ್ನಲಿಲ್ಲ," ಎಂದ ಲೆಮ್ಯುಯಲ್. "ಬಾಯಿ ಬಿಗಿ ಹಿಡಿ ಅಂತ ನನಗೆ ಬುದ್ಧಿ ಹೇಳಿ, ಇವಳೇ ಬಾಯಿ ಬಿಟ್ಟಳು."

"ಹೌದು, ನಿನಗೆ ಹೇಳೋಕೆ ನಾನಿದ್ದೆ," ಎಂದಳು ಡಾರ್ಕಸ್. "ನನಗೆ ಹೇಳೋಕೆ ಯಾರಿದ್ರು? ಹಿಡ್ಕೋ ಆ ಹಗ್ಗಾನ."

ಹೇಸರಗತ್ತೆ ದೋಣಿಯ ಹಲಗೆ ಹತ್ತಲು ಒಪ್ಪಲಿಲ್ಲ. ಅವನು ಮುಂದಿನಿಂದ ಎಳೆದ, ಅವಳು ಹಿಂದಿನಿಂದ ತಳ್ಳಿದಳು.